ಮೂಗಿನ ಸರ್ಜರಿಗೆ ಮುಂಚೆ ಮೂಗಿನೊಳಗೆ ನೋಡಿದರಾ?

ರೈನೋಪ್ಲಾಸ್ಟಿ, ಅಂದರೆ ಮೂಗಿನ ಆಕಾರ ತಿದ್ದುವ ಸರ್ಜರಿ ಮಾಡಿಸಿಕೊಳ್ಳಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಒಂದು ಕಾಸ್ಮೆಟಿಕ್ ಕ್ಲಿನಿಕ್‌ನಲ್ಲಿ ನಾನು ಇದನ್ನು ಮಾಡಿಸಿಕೊಂಡೆ. ಫೋಟೋದಲ್ಲಿ ಮೂಗು ಚೆನ್ನಾಗಿಯೇ ಕಾಣುತ್ತದೆ. ಉಸಿರಾಡುವುದೇ ಕಷ್ಟವಾಗಿದೆ.

ಕನ್ನಡಕ ಕೂರುವ ಜಾಗದ ಕೆಳಗೆ ನನಗೊಂದು ಉಬ್ಬು ಇತ್ತು. ಕ್ಲಿನಿಕ್‌ನಲ್ಲಿ ಮೊದಲು ಮಾತಾಡಿದ್ದು ಡಾಕ್ಟರ್ ಅಲ್ಲ, ಕೌನ್ಸೆಲರ್. ಪಕ್ಕದಿಂದ ಫೋಟೋ ತೆಗೆದು, ಕಂಪ್ಯೂಟರ್‌ನಲ್ಲಿ ಉಬ್ಬು ಅಳಿಸಿ ತೋರಿಸಿದರು. ಈ ವಾರ ಬುಕ್ ಮಾಡಿದರೆ ಡಿಸ್ಕೌಂಟ್ ಇದೆ ಎಂದರು. ಆಮೇಲೆ ಡಾಕ್ಟರ್ ಸಿಕ್ಕಾಗಲೂ ಮಾತೆಲ್ಲ ಆ ಫೋಟೋದ್ದೇ. ಹೊಳ್ಳೆಯೊಳಗೆ ಟಾರ್ಚ್ ಬಿಟ್ಟು ನೋಡಲಿಲ್ಲ. ಉಸಿರಾಟ ಹೇಗಿದೆ, ಅಲರ್ಜಿ ಇದೆಯಾ, ಹಿಂದೆ ಪೆಟ್ಟು ಬಿದ್ದಿತ್ತಾ, ಒಂದನ್ನೂ ಕೇಳಲಿಲ್ಲ.

ಮೊದಲ ವಾರ ಮೂಗು ಅಲುಗಾಡದಂತೆ ಮೇಲೆ ಗಟ್ಟಿ ಪಟ್ಟಿ (ಸ್ಪ್ಲಿಂಟ್), ಕಣ್ಣಿನ ಸುತ್ತ ಕಪ್ಪು. ಅದು ಈ ಸರ್ಜರಿಯಲ್ಲಿ ಮಾಮೂಲು. ಬಾವು ಇಳಿದ ಹಾಗೆ ಉಸಿರು ಸಲೀಸಾಗುತ್ತದೆ ಎಂದಿದ್ದರು. ನನಗೆ ಉಲ್ಟಾ ಆಯಿತು. ಜೋರಾಗಿ ಉಸಿರೆಳೆದರೆ ಮೂಗಿನ ಪಕ್ಕಗಳು ಒಳಕ್ಕೆ ಕುಸಿಯುತ್ತಿದ್ದವು. ರಾತ್ರಿ ಬಾಯಿ ತೆರೆದೇ ಮಲಗಬೇಕು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಒಂದು ವರ್ಷ ವೇಟ್ ಮಾಡಿ ಮೇಡಂ, ಬಾವು ಇಳಿಯಲಿ." ಪೂರ್ತಿ ಇಳಿಯಲು ಒಂದು ವರ್ಷ ಹಿಡಿಯಬಹುದು, ನಿಜ. ಆ ನಿಜವನ್ನೇ ಮುಂದಿಟ್ಟು ನನ್ನ ತೊಂದರೆಯನ್ನು ತಳ್ಳಿಹಾಕಿದರಲ್ಲ, ಅದಕ್ಕೇ ನನಗೆ ಸಿಟ್ಟು.

ಕೊನೆಗೆ ಬೇರೆ ಆಸ್ಪತ್ರೆಯ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ. ಅವರು ನನ್ನ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಎಳೆದು, "ಈಗ ಉಸಿರು ಎಳ್ಕೊಳಮ್ಮ" ಎಂದರು. ಗಾಳಿ ಸರ್ರನೆ ಒಳಗೆ ಹೋಯಿತು. ಮೂಗಿನೊಳಗೆ ವಾಲ್ವ್ ಅನ್ನುವ ಇಕ್ಕಟ್ಟಾದ ಜಾಗವಿದೆ. ಉಬ್ಬು ತೆಗೆಯುವಾಗ ಅಲ್ಲಿನ ಕಾರ್ಟಿಲೇಜ್ (ಮೆದು ಮೂಳೆ) ಆಸರೆ ತಪ್ಪಿದರೆ ಅದು ಕುಸಿಯುತ್ತದೆ. ಹಾಗಾಗದಿರಲಿ ಅಂತ ಎರಡು ಹೊಳ್ಳೆಗಳ ನಡುವಿನ ಗೋಡೆಯ ಪಕ್ಕಕ್ಕೆ ಕಾರ್ಟಿಲೇಜ್ ಪಟ್ಟಿ ಇಟ್ಟು ಹೊಲಿಯುವುದುಂಟು, ಅದಕ್ಕೆ ಸ್ಪ್ರೆಡರ್ ಗ್ರಾಫ್ಟ್ ಎನ್ನುತ್ತಾರೆ. ನನ್ನ ಮೂಗಿನ ಆ ನಡುಗೋಡೆ ಒಂದು ಕಡೆ ವಾಲಿದೆ ಅನ್ನೋದೂ ಅವತ್ತೇ ಗೊತ್ತಾಯಿತು. ಮೊದಲೇ ಒಳಗೆ ನೋಡಿದ್ದರೆ ಕಾಣುತ್ತಿತ್ತು, ಅಲ್ವಾ?

ಈ ಸರ್ಜರಿಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಪಘಾತದಲ್ಲಿ ಮೂಗು ಸೊಟ್ಟಗಾದವರಿಗೆ, ಸೀಳುತುಟಿಯ ಜೊತೆ ಮೂಗೂ ಕುಗ್ಗಿ ಹುಟ್ಟಿದವರಿಗೆ ಇದರಿಂದ ಎಷ್ಟೋ ಉಪಕಾರವಾಗುತ್ತದೆ. ಆಕಾರ, ಉಸಿರಾಟ ಎರಡನ್ನೂ ಒಂದೇ ಆಪರೇಷನ್‌ನಲ್ಲಿ ಸರಿಪಡಿಸುವ ನುರಿತವರಿದ್ದಾರೆ. ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿಯೋ, ಎಂಎಸ್ ಇಎನ್‌ಟಿಯೋ ಓದಿದವರೇ ಅಂತ ಕೇಳಿ. ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆಯಾ, ಅರಿವಳಿಕೆ ಕೊಡುವವರು ಯಾರು, ತುರ್ತು ಬಂದರೆ ಏನು ವ್ಯವಸ್ಥೆ, ಎಲ್ಲವನ್ನೂ ಸಂಕೋಚವಿಲ್ಲದೆ ಕೇಳಿ.

ಸರ್ಜರಿ ಯಾಕೆ, ಚರ್ಮದಡಿ ಜೆಲ್ ತುಂಬಿ ಆಕಾರ ತಿದ್ದುವ ಫಿಲ್ಲರ್ ಇಂಜೆಕ್ಷನ್ ಸಾಕು ಅನ್ನುವವರೂ ಇದ್ದಾರೆ. ಅದನ್ನು ಹಗುರವಾಗಿ ತಗೊಳ್ಳಬೇಡಿ. ಮೂಗಿನ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಪರ್ಕವಿದೆ. ಫಿಲ್ಲರ್ ನಾಳದೊಳಗೆ ಹೋದರೆ ಮೂಗಿನ ಚರ್ಮ ಸಾಯಬಹುದು, ದೃಷ್ಟಿಯೇ ಹೋಗಬಹುದು. ಹೀಗಾಗುವುದು ಅಪರೂಪ, ಆದರೂ ಬ್ಯೂಟಿ ಪಾರ್ಲರ್‌ನಲ್ಲಂತೂ ಖಂಡಿತ ಬೇಡ.

ನನಗೆ ಈಗ ಎರಡನೇ ಆಪರೇಷನ್ ಬೇಕು. ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಕಾರ್ಟಿಲೇಜ್ ತೆಗೆದು ಮೂಗಿಗೆ ಆಸರೆಯಾಗಿ ಇಡಬೇಕಾಗಬಹುದು. ಮೊದಲ ಸಲ ಒಳಗೆ ಏನೇನು ಮಾಡಿದ್ದಾರೆ ಅನ್ನೋದು ಹೊಸ ಡಾಕ್ಟರ್‌ಗೆ ತಿಳಿಯಬೇಕಿತ್ತು. ಕ್ಲಿನಿಕ್ ಕೊಟ್ಟಿದ್ದು ಮಾತ್ರ ಒಂದು ಪುಟದ ಡಿಸ್ಚಾರ್ಜ್ ಸಮ್ಮರಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಅದನ್ನು ಬರೆದು ಅರ್ಜಿ ಕೊಟ್ಟ ಮೇಲೆ ಆಪರೇಷನ್ ನೋಟ್ಸ್ ಕೈಗೆ ಬಂತು. ಅದರಲ್ಲಿ ಗ್ರಾಫ್ಟ್‌ನ ಮಾತೇ ಇರಲಿಲ್ಲ. ನೀವು ಎಲ್ಲೇ ಮಾಡಿಸಿಕೊಳ್ಳಿ, ಮನೆಗೆ ಹೊರಡುವ ದಿನವೇ ಆ ನೋಟ್ಸ್‌ನ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.