ಮೊಲಕ್ಕೆ ‘ಇಂಜೆಕ್ಷನ್ ಆಗಿದೆ’ ಎಂದರೆ ಯಾವ ಇಂಜೆಕ್ಷನ್ ಎಂದು ಕೇಳಿ

ಮಂಗಳೂರಿನಲ್ಲಿ ಸಾಕುಮೊಲ ಕೊಳ್ಳಲು ಹೊರಟವರು, ಅದರಲ್ಲೂ ಮನೆಯಲ್ಲಿ ಈಗಾಗಲೇ ಮೊಲ ಇರುವವರು, ದಯವಿಟ್ಟು ಇದನ್ನು ಓದಬೇಕು. ಈ ಮಳೆಗಾಲದಲ್ಲಿ ನಗರದ ಒಂದು ಸಾಕುಪ್ರಾಣಿ ಅಂಗಡಿಯಿಂದ ಕೊಟ್ಟಾರದ ನಮ್ಮ ಮನೆಗೆ ಒಂದು ಜೋಡಿ ಮರಿಗಳನ್ನು ತಂದೆವು. ಅವುಗಳಲ್ಲಿ ಒಂದು ಸತ್ತಿತು; ವರ್ಷಗಳಿಂದ ಆರೋಗ್ಯವಾಗಿದ್ದ ನಮ್ಮ ಹಳೆಯ ಮೊಲಕ್ಕೂ ರೋಗ ಅಂಟಿತು. “ಇಂಜೆಕ್ಷನ್ ಎಲ್ಲ ಆಗಿದೆ ಸರ್, ಎಂತ ಸಹ ತೊಂದರೆ ಇಲ್ಲ, ಒಟ್ಟಿಗೇ ಬಿಡಬಹುದು” ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು.

ಕೆಲವು ವಾರಗಳಲ್ಲಿ ಎರಡೂ ಮರಿಗಳ ಮೂಗಿನ ತುದಿಯಲ್ಲಿ, ಕಿವಿಯ ಅಂಚಿನಲ್ಲಿ, ಕಾಲ್ಬೆರಳುಗಳ ನಡುವೆ ಒಣಗಿದ ಗಂಜಿಯಂಥ ಬೂದುಬಿಳಿ ಹಕ್ಕಳೆ ಕಾಣಿಸಿಕೊಂಡಿತು. ಮುಂಗಾಲಿನಿಂದ ಮೂಗನ್ನು ಎಡೆಬಿಡದೆ ಉಜ್ಜುತ್ತಿದ್ದವು. ಅಷ್ಟರಲ್ಲಿ ಅವುಗಳನ್ನು ಎತ್ತಿಕೊಳ್ಳುತ್ತಿದ್ದ ನನ್ನ ಹೆಂಡತಿಯ ಮುಂಗೈಯಲ್ಲಿಯೂ ತುರಿಕೆಯ ಗುಳ್ಳೆಗಳೆದ್ದವು. ಪಶುವೈದ್ಯರು ಹಕ್ಕಳೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ನುಸಿಯಿಂದ ಬರುವ ಕಜ್ಜಿ, ಮನುಷ್ಯರಿಗೂ ತಾತ್ಕಾಲಿಕವಾಗಿ ಅಂಟುತ್ತದೆ ಎಂದರು. ಅನಂತರ ಅವರು ಕೇಳಿದ ಪ್ರಶ್ನೆ ನೇರವಾಗಿತ್ತು: “ಇಂಜೆಕ್ಷನ್ ಆಗಿದೆ ಅಂತೀರಿ, ಯಾವ ರೋಗಕ್ಕೆ? ಕಾರ್ಡ್ ಎಲ್ಲಿ?”

ಅಂಗಡಿಗೆ ಫೋನ್ ಮಾಡಿ ವಿಚಾರಿಸಿದಾಗ ಹೊರಬಂದದ್ದು ಇಷ್ಟು: ಕೊಟ್ಟದ್ದು ಲಸಿಕೆಯಲ್ಲ, ಐವರ್‌ಮೆಕ್ಟಿನ್, ಅಂದರೆ ಕಜ್ಜಿಯ ನುಸಿಯನ್ನು ಕೊಲ್ಲುವ ಔಷಧ. ಅದು ನುಸಿಯ ಮೊಟ್ಟೆಗಳನ್ನು ಕೊಲ್ಲುವುದಿಲ್ಲವಾದ್ದರಿಂದ ಸುಮಾರು ಎರಡು ವಾರ ಬಿಟ್ಟು ಮತ್ತೆ ಕೊಡಬೇಕು. ಒಂದೇ ಸಲ ಕೊಟ್ಟರೆ ಹಕ್ಕಳೆ ಮಾಸಿ, ಮಾರಾಟ ಮುಗಿಯುವವರೆಗೆ ಮರಿ ಚೆನ್ನಾಗಿ ಕಾಣುತ್ತದೆ. ಹಾಗಾದರೆ ರೋಗ ಅವರಿಗೆ ಮೊದಲೇ ಗೊತ್ತಿತ್ತು ಎಂದಾಯಿತು. ನನಗೆ ಸಿಟ್ಟು ಬಂದದ್ದು ಅಲ್ಲಿ.

ಮೊಲಗಳಿಗೆ ಲಸಿಕೆಯೇ ಇಲ್ಲವೆಂದಲ್ಲ. ಯುರೋಪಿನಲ್ಲಿ ಮಿಕ್ಸೊಮಾಟೋಸಿಸ್ ಮತ್ತು ರಕ್ತಸ್ರಾವ ರೋಗ ಎಂಬ ಎರಡು ವೈರಸ್ ರೋಗಗಳಿಗೆ ಲಸಿಕೆ ಹಾಕಿಸುತ್ತಾರೆ. ಎರಡನೆಯದು 1984ರಲ್ಲಿ ಚೀನಾದಲ್ಲಿ ಪತ್ತೆಯಾಯಿತು, ಅದರ ಹೊಸ ತಳಿ 2010ರಲ್ಲಿ ಫ್ರಾನ್ಸಿನಲ್ಲಿ ಕಂಡುಬಂತು. ಆದರೆ ಆ ಲಸಿಕೆಗಳು ಕಜ್ಜಿಯನ್ನಾಗಲಿ, ನಮ್ಮ ಮರಿಯನ್ನು ಕೊಂದ ಕಾಕ್ಸಿಡಿಯಾವನ್ನಾಗಲಿ ತಡೆಯುವುದಿಲ್ಲ. ಕಾಕ್ಸಿಡಿಯಾ ಎಂಬುದು ಹಿಕ್ಕೆಯ ಮೂಲಕ ಹರಡುವ ಪರಾವಲಂಬಿ. ತಾಯಿಯ ಹಾಲು ಬಿಟ್ಟ ವಯಸ್ಸಿನ ಮರಿಗಳಿಗೆ ಇದು ಮಾರಕ: ಹೊಟ್ಟೆ ಉಬ್ಬಿ, ಭೇದಿಯಾಗಿ, ಮೇವು ಬಿಡುತ್ತವೆ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಅಂಡಗಳು ತೇವ ಮತ್ತು ಬೆಚ್ಚನೆಯ ಹವೆಯಲ್ಲಿ ಸೋಂಕು ಹರಡುವ ಸ್ಥಿತಿಗೆ ಬರುತ್ತವೆ, ಕರಾವಳಿಯ ಆಟಿ ತಿಂಗಳಿನಲ್ಲಿ ಎರಡಕ್ಕೂ ಬರವಿಲ್ಲ. ಫಿನಾಯಿಲ್ ಸುರಿದರೆ ಅವು ಸುಲಭವಾಗಿ ಸಾಯುವುದಿಲ್ಲ. ಗೂಡಿಗೆ ಕುದಿಯುವ ನೀರು ಹಾಕಿ ಪೂರ್ತಿ ಒಣಗಿಸಬೇಕು, ಹಿಕ್ಕೆಯನ್ನು ದಿನವೂ ತೆಗೆಯಬೇಕು.

ಆದ್ದರಿಂದ ಹೊಸ ಮೊಲವನ್ನು, ಮಾರುವವರು ಏನೇ ಹೇಳಲಿ, ಕನಿಷ್ಠ ಎರಡು ವಾರ, ಸಾಧ್ಯವಾದರೆ ಒಂದು ತಿಂಗಳು, ಬೇರೆ ಕೋಣೆಯಲ್ಲಿ, ಬೇರೆ ಪಾತ್ರೆ ಮತ್ತು ಬ್ರಷ್‌ಗಳೊಂದಿಗೆ ಇಟ್ಟು, ಹಳೆಯ ಮೊಲದ ಕೆಲಸ ಮುಗಿದ ಮೇಲೆಯೇ ಅದನ್ನು ಮುಟ್ಟಬೇಕು. ಆ ಅವಧಿಯಲ್ಲಿ ಹಿಕ್ಕೆಯ ಪರೀಕ್ಷೆಯನ್ನೂ ಮಾಡಿಸಬೇಕು. ಇನ್ನೊಂದು ಮಾತು: ನಾಯಿಯ ಉಣ್ಣಿಗೆ ಬಳಸುವ ಫಿಪ್ರೊನಿಲ್ ಸ್ಪ್ರೇಯನ್ನು ಹೊಡೆಯಿರಿ ಎಂದು ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು. ಮೊಲಕ್ಕೆ ಅದು ವಿಷ. ಮನೆಯಲ್ಲಿ ಬಳಸಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಯನ್ನೂ ಕೊಡಬಾರದು. ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ವ್ಯವಸ್ಥೆ ಕೆಟ್ಟು ಅದು ಸಾಯಬಹುದು.

2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಮೊಲ ಮಾರುವ ಅಂಗಡಿಯೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಹಣ ಕೊಡುವ ಮೊದಲು ಆ ಪತ್ರವನ್ನು ತೋರಿಸಲು ಹೇಳಿ, ಕೊಟ್ಟ ಔಷಧದ ಹೆಸರು ಮತ್ತು ದಿನಾಂಕವನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ನಾವು ಕೇಳಿದಾಗ ಆ ಅಂಗಡಿಯವರು ಪತ್ರ ತೋರಿಸಲಿಲ್ಲ, ಹಣವನ್ನೂ ಮರಳಿಸಲಿಲ್ಲ. ಪಶುವೈದ್ಯರ ವರದಿಯ ಪ್ರತಿಯೊಂದಿಗೆ ಪಶುಪಾಲನಾ ಇಲಾಖೆಗೆ ಲಿಖಿತ ದೂರು ಕೊಟ್ಟಿದ್ದೇವೆ.