ಮೂರು ಗ್ರೀಕ್ ಸುವಾರ್ತಾ ಹಸ್ತಪ್ರತಿಗಳು: ಮೊದಲ ಓದಿಗೆ ಯಾವುದು?

ಮಧ್ಯಯುಗದ ಆರಂಭದ ಗ್ರೀಕ್ ಸುವಾರ್ತಾ ಹಸ್ತಪ್ರತಿಯೊಂದನ್ನು ಓದಲು ಬಯಸುವವರ ಮುಂದೆ ಮೂರು ಒಳ್ಳೆಯ ಆಯ್ಕೆಗಳಿವೆ: 8ನೇ ಶತಮಾನದ ಬಾಸೆಲ್ ಮತ್ತು ಪ್ಯಾರಿಸ್ ಪ್ರತಿಗಳು, 9ನೇ ಶತಮಾನದ ಸೇಂಟ್ ಗಾಲ್ (ಸ್ವಿಟ್ಜರ್ಲೆಂಡಿನ ಮಠ) ಪ್ರತಿ; ಇವುಗಳನ್ನು ಕರೆಯುವುದು ಅವು ಇರುವ ಊರುಗಳ ಹೆಸರಿನಿಂದ. ಮೂರರಲ್ಲಿಯೂ ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಿವೆ, ಅಲ್ಲಲ್ಲಿ ಹಾಳೆಗಳು ಕಳೆದಿವೆ.

ಓದುವ ಸುಲಭತೆಯಲ್ಲಿ ಬಾಸೆಲ್ ಪ್ರತಿ ಮುಂದಿದೆ. ಒಂದೇ ಅಂಕಣದ ದೊಡ್ಡಕ್ಷರಗಳು, ಉಚ್ಚಾರದ ಒತ್ತನ್ನು ತೋರಿಸುವ ಚಿಹ್ನೆಗಳು ಇರುವುದರಿಂದ ಲಿಪಿ ಕಲಿಯುವವರಿಗೆ ಅದು ಅನುಕೂಲಕರ. ಎರಡು ಅಂಕಣಗಳ ಪ್ಯಾರಿಸ್ ಪ್ರತಿಯ ಲಿಪಿಕಾರ ಹೆಜ್ಜೆಹೆಜ್ಜೆಗೂ ತಪ್ಪುತ್ತಾನೆ. ಸೇಂಟ್ ಗಾಲ್ ಪ್ರತಿಯಲ್ಲಿ ಗ್ರೀಕ್ ಪದಗಳ ಮೇಲೆಯೇ ಲ್ಯಾಟಿನ್ ಅನುವಾದವಿದೆ. ಲ್ಯಾಟಿನ್ ಬಲ್ಲವರಿಗೆ ಇದೊಂದು ಊರುಗೋಲು, ಉಳಿದವರಿಗೆ ಪುಟ ತುಂಬಿದ ಗೊಂದಲ.

ಪಾಠದ, ಅಂದರೆ ಪ್ರತಿಯಲ್ಲಿರುವ ಪದರೂಪದ, ಮಹತ್ವಕ್ಕೆ ಬಂದರೆ ಕ್ರಮ ತಲೆಕೆಳಗಾಗುತ್ತದೆ. ಬಾಸೆಲ್ ಪ್ರತಿ ಮುಂದೆ ಬಹುವಾಗಿ ಪ್ರಚಲಿತವಾದ ಬೈಜಾಂಟೀನ್ ಪಾಠದ (ಗ್ರೀಕ್ ಪ್ರತಿಗಳ ಒಂದು ಪಾಠಪರಂಪರೆ) ಆರಂಭಿಕ ಸಾಕ್ಷಿಯಾದರೆ, ಪ್ಯಾರಿಸ್ ಪ್ರತಿ, ಅಷ್ಟೆಲ್ಲ ತಪ್ಪುಗಳ ನಡುವೆಯೂ, ಅದಕ್ಕಿಂತ ಹಳೆಯ ಪರಂಪರೆಯಾದ ಅಲೆಕ್ಸಾಂಡ್ರಿಯಾ ಪಾಠವನ್ನು ಬಹಳಷ್ಟು ಉಳಿಸಿಕೊಂಡಿದೆ. ಮಾರ್ಕನ ಸುವಾರ್ತೆಗೆ ಚಿಕ್ಕದೂ ದೊಡ್ಡದೂ ಆದ ಎರಡು ಮುಕ್ತಾಯಗಳನ್ನು ಒಂದರ ನಂತರ ಒಂದು ಕೊಡುವ ಅದರ ಪುಟಗಳೇ, ನನ್ನ ದೃಷ್ಟಿಯಲ್ಲಿ, ಈ ಮೂರರಲ್ಲಿ ಅತ್ಯಂತ ಕುತೂಹಲಕರ. ಸೇಂಟ್ ಗಾಲ್ ಪ್ರತಿಯಲ್ಲಿ ಮಾರ್ಕನ ಭಾಗ ಮಾತ್ರ ಅಲೆಕ್ಸಾಂಡ್ರಿಯಾದ ಕಡೆಗೆ ವಾಲುತ್ತದೆ.

ಹೀಗಾಗಿ ಲಿಪಿಯ ಅಭ್ಯಾಸಕ್ಕೆ ಬಾಸೆಲ್, ಪಾಠಭೇದಗಳ ಅಧ್ಯಯನಕ್ಕೆ ಪ್ಯಾರಿಸ್ ಸೂಕ್ತ. ಪಶ್ಚಿಮ ಯುರೋಪಿನ ಮಠಗಳಲ್ಲಿ ಗ್ರೀಕ್ ಅನ್ನು ಹೇಗೆ ಓದುತ್ತಿದ್ದರೆಂದು ತಿಳಿಯಬಯಸುವವರು ಸೇಂಟ್ ಗಾಲ್ ಪ್ರತಿಯನ್ನೇ ತೆರೆಯಬೇಕು.