ಟಿವಿ ಅಡುಗೆ ಕಾರ್ಯಕ್ರಮವೋ, ಯೂಟ್ಯೂಬ್ ವಿಡಿಯೋವೋ?

ಮಡಿಕೇರಿಯಲ್ಲಿ ಹೋಟೆಲ್ ನಡೆಸುವವರೊಬ್ಬರು ಪ್ರಚಾರಕ್ಕೆ ಯಾವುದು ಸರಿ ಎಂದು ಕೇಳಿದ್ದಾರೆ.

ಮೊದಲು ಖರ್ಚು. ಟಿವಿ ಶೂಟಿಂಗ್ ಬೆಂಗಳೂರಿನಲ್ಲಾದರೆ ಸುಮಾರು 250 ಕಿಲೋಮೀಟರ್ ದಾರಿ. ಅಡುಗೆಯವರು ಹೊರಟರೆ ಹೋಟೆಲ್ ನೋಡಿಕೊಳ್ಳುವವರು ಬೇಕಲ್ವಾ? ಯೂಟ್ಯೂಬ್‌ನವರು ನಿಮ್ಮಲ್ಲಿಗೇ ಬರುತ್ತಾರೆ. ಕೆಲವರು ದುಡ್ಡು ಕೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿ.

ಅಡುಗೆ ತೋರಿಸುವುದರಲ್ಲಿ ವ್ಯತ್ಯಾಸ ಜಾಸ್ತಿ. ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಸಾರು) ನಿಧಾನಕ್ಕೆ ಬೇಯಬೇಕು, ಕೊನೆಗೆ ಕಾಚಂಪುಳಿ ಎಂಬ ಕಪ್ಪು ಹುಳಿ ಬಿದ್ದು ಮಸಾಲೆ ಕಪ್ಪಗಾಗಬೇಕು. ಸ್ಟುಡಿಯೋದಲ್ಲಿ ಅಷ್ಟು ಪುರುಸೊತ್ತು ಸಿಗುವುದು ಕಷ್ಟ. ಅಲ್ಲಿಗೆ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒಳ್ಳೆಯದು, ಶಾವಿಗೆ ಒರಳಿನಿಂದ ಎಳೆ ಇಳಿಯುವುದೇ ನೋಡಲು ಚೆಂದ.

ಟಿವಿಯಲ್ಲಿ ಬಂದವರೆಂದರೆ ಹಿರಿಯರಿಗೆ ನಂಬಿಕೆ. ವಿಡಿಯೋ ಮಾತ್ರ ಮ್ಯಾಪ್ ಲಿಂಕ್ ಸಮೇತ ಉಳಿಯುತ್ತದೆ. ವಾರಾಂತ್ಯದ ಪ್ರವಾಸಿಗರೇ ನಿಮ್ಮ ಗಿರಾಕಿಗಳಾದರೆ ಯೂಟ್ಯೂಬ್ ಹಿಡಿಯಿರಿ. ಮದುವೆ ಊಟದ ಆರ್ಡರ್, ಮಸಾಲೆ ಪುಡಿ ಮಾರಾಟವೂ ಇದ್ದರೆ ಟಿವಿಗೆ ಹೋಗಿ ಬನ್ನಿ.